ಲಕ್ಕಲಕಟ್ಟಿಯ ಲುಸೇಷಿಯಾ

"ಇವತ್ತ ನಾ ಲಗೂ ಹೋಗ್ತೀನ್ರಿ ಸಾವ್ಕಾರ," ಎಂದಳು ಗುಡ್ಡವ್ವ, ಸಾವುಕಾರರ ಕೂಸಿಗೆ ಎರೆದು ಬಂದ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ನನ್ನ ಮಗಳು ಮಹೇಶ್ವರಿ ಕೂಸಿಗೆ ಹೆಸರ ಇಡೂದೈತ್ರಿ. ನಿಮ್ಮ ಕೂಸಿಂದ ಇಡ್ತೀವ್ರಿ, ಲುಸೇಷಿಯಾ ಅಂತ."

ಹೇಳಿ ನಕ್ಕಳು. ಈ ಮಾತು ಕೇಳಿ ಸಾವುಕಾರರು ಹಿಗ್ಗುತ್ತಾರೆ ಎಂದು ಲಕ್ಕಲಕಟ್ಟಿಯಿಂದ ಗಜೇಂದ್ರಗಡದವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಅವಳು ಲೆಕ್ಕ ಹಾಕಿ ಬಂದಿದ್ದಳು. ಸಿದ್ದರಾಮೇಶ ಚಹಾದ ಕಪ್ಪನ್ನು ಕೆಳಗಿಟ್ಟ. ಅವನ ಮುಖ ಕಂಡು ಗುಡ್ಡವ್ವನ ನಗೆ ಅರ್ಧಕ್ಕೇ ನಿಂತಿತು.

ಎದುರಿಗೆ ಕೂತಿದ್ದ ಅವನ ಅಕ್ಕ ರಾಜೇಶ್ವರಿಗೆ ಆ ಮುಖ ಹೊಸದಲ್ಲ. ಸಾಲಿಯಲ್ಲಿ ಮತ್ತೊಬ್ಬ ಹುಡುಗ ತನ್ನಂಥದೇ ಪಾಟಿಚೀಲ ತಂದ ದಿನ ಇದೇ ಮುಖ ಹೊತ್ತು ಮನೆಗೆ ಬಂದಿದ್ದ. ಈಗ ಪೈಪು, ಪಂಪುಸೆಟ್ಟಿನ ದೊಡ್ಡ ಅಂಗಡಿ, ಅಂಗಡಿಯ ಮೇಲೆ ಅದಕ್ಕಿಂತ ದೊಡ್ಡ ಬೋರ್ಡು, ಆದರೆ ಮುಖ ಅದೇ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗಳು. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ತಾಲೂಕಿನಲ್ಲಿ ಯಾರಿಗೂ ಇರದ ಹೆಸರು ಬೇಕು ಎಂದು ಸಿದ್ದರಾಮೇಶ ಹಟ ಹಿಡಿದಿದ್ದ. ಹೆಂಡತಿ ಕವಿತಾ ಹೇಳಿದ ಹೆಸರುಗಳಿಗೆಲ್ಲ "ಓಣಿಗೆ ನಾಕ ಅದಾವು" ಎಂದ. ತಿಂಗಳುಗಟ್ಟಲೆ ಫೋನು ತಿಕ್ಕಿ ತಿಕ್ಕಿ ಕೊನೆಗೆ ಜರ್ಮನಿಯದೊಂದು ಹೆಸರು ಹೆಕ್ಕಿ ತಂದ. ಊರ ಮೇಲಿಂದ ಬಂದ ಹೆಸರು, ಆ ದೇಶದವರೇ ಇಡುವುದು ಅಪರೂಪ ಎಂದು ಫೋನಿನಲ್ಲಿ ಬರೆದಿತ್ತಂತೆ.

"ಅವರ ಇಡಂಗಿಲ್ಲ ಅಂದ್ರ ಏನರ ಕಾರಣ ಇರಬೇಕಲ್ಲೋ," ಎಂದಿದ್ದಳು ರಾಜೇಶ್ವರಿ.

ನರಗುಂದದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಭೂಗೋಳ ಕಲಿಸಿದವಳು. ಲುಸೇಷಿಯಾ ಎಲ್ಲಿದೆಯೆಂದು ಅವಳಿಗೆ ನಕಾಶೆ ತೆರೆಯದೆಯೇ ಗೊತ್ತಿತ್ತು. ಜರ್ಮನಿಯ ಪೂರ್ವದ ಅಂಚು, ಕಲ್ಲಿದ್ದಲು ಅಗೆದು ಅಗೆದು ತಗ್ಗು ಬಿದ್ದ ಸೀಮೆ. ಅಲ್ಲಿಯ ಹಳೆಯ ಜನರ ಮಾತಿನಲ್ಲಿ ಆ ಹೆಸರಿನ ಮೂಲ ನೀರು ನಿಂತ ಕೆಸರು ನೆಲ.

"ಜವಳು ಭೂಮಿ ಅಂತ ಅರ್ಥಪಾ. ನಮ್ಮ ನರಗುಂದದ ಕಡೆ ಜವಳು ಹಿಡದ ಹೊಲಾ ಪುಕ್ಕಟೆ ಕೊಟ್ರೂ ಯಾರೂ ತಗೊಳ್ಳಂಗಿಲ್ಲ. ನೀ ಮಗಳಿಗೆ ಹೆಸರ ಇಡ್ತಿ."

"ಅರ್ಥಾ ಯಾರ ಕೇಳ್ತಾರ ಅಕ್ಕಾ? ಯಾರ ಕಡೇನೂ ಇಲ್ಲ, ಅಷ್ಟ ಸಾಕು."

ಅವನು ತನ್ನ ಹೆಸರಿಗೂ ಹೀಗೇ ಮಾಡಿದವನು. ಸಾಲಿಯ ದಾಖಲೆಯಲ್ಲಿ ಸಿದ್ದಪ್ಪ. ಪಂಪುಸೆಟ್ಟಿನ ಏಜೆನ್ಸಿ ಸಿಕ್ಕ ವರ್ಷ ಅಫಿಡವಿಟ್ಟು ಮಾಡಿಸಿ ಸಿದ್ದರಾಮೇಶ ಆದ. ಅಪ್ಪ ಸಾಯುವತನಕ "ಸಿದ್ಯಾ" ಎಂದೇ ಕರೆದರು. ಅದಕ್ಕೆ ಅಫಿಡವಿಟ್ಟು ಇರಲಿಲ್ಲ.

ಹೆಸರು ಯಾರಿಗೂ ಇರಬಾರದು ಎನ್ನುವ ಮನುಷ್ಯ ಅದನ್ನು ಸುಮ್ಮನೆ ಮನೆಯಲ್ಲಿಟ್ಟುಕೊಂಡನೇ? ಇಲ್ಲ. ತೊಟ್ಟಿಲಿಗೆ ಹಾಕಿದ ದಿನ ಬಂದ ಐನೂರು ಮಂದಿಗೂ ಒಂದೊಂದು ಸ್ಟೀಲಿನ ಡಬ್ಬಿ ಹಂಚಿದ. ಪ್ರತಿ ಡಬ್ಬಿಯ ಮೇಲೂ ಮಷೀನಿನಿಂದ ಕೊರೆಸಿದ್ದ: ಲುಸೇಷಿಯಾ. ಪಾತ್ರೆ ತೊಳೆಯಲು ನಿಂತಿದ್ದ ಗುಡ್ಡವ್ವನಿಗೂ ಕವಿತಾ ಕರೆದು ಕೊಟ್ಟಳು. ಒಂದಲ್ಲ, ಎರಡು. ಬರಿದು ಡಬ್ಬಿ ಕೊಡಬಾರದೆಂದು ಒಳಗೆ ಸಕ್ಕರೆ ತುಂಬಿ ಕೊಟ್ಟಳು.

"ಯಾಕ ಅದ ಹೆಸರ ಬೇಕು ನಿಮಗ?" ಎಂದ ಸಿದ್ದರಾಮೇಶ, ಈಗ.

"ಡಬ್ಬಿ ಮ್ಯಾಲ ಬರದೈತಲ್ರಿ," ಎಂದಳು ಗುಡ್ಡವ್ವ, ಇದೂ ಕೇಳುವ ಮಾತೇ ಎಂಬಂತೆ. "ನಮ್ಮ ಕಡೆ ಭಾಂಡೆ ಮ್ಯಾಲ ಯಾರ ಹೆಸರ ಐತಿ, ಭಾಂಡೆ ಅವರದ್ರಿ. ಮನ್ಯಾಗ ಯಾರದೂ ಅಲ್ಲದ ಹೆಸರಿನ ಡಬ್ಬಿ ಇಟ್ರ ಮಂದಿ ಏನಂತಾರ? ಎಲ್ಲಿಂದ ಎತ್ಗೊಂಡ ಬಂದಿ ಗುಡ್ಡವ್ವಾ ಅಂತ ಆಗಳೇ ಇಬ್ಬರು ಕೇಳ್ಯಾರ್ರಿ. ಹ್ಯಾಂಗೂ ಮನ್ಯಾಗ ಹೆಣ್ಣ ಹುಟ್ಟೇತಿ. ಇಟಗ್ಯಾಗೂ ಎಲ್ಡ ಮನ್ಯಾಗ ಅದ ಹೆಸರ ಇಟ್ಟಾರಂತ್ರಿ."

ಇಟಗಿಯ ಮಾತು ಅವಳು ಆಡಬಾರದಿತ್ತು. ಸಿದ್ದರಾಮೇಶ ಎದ್ದು ನಿಂತ. ಜರ್ಮನಿಯಲ್ಲಿ ಅಪರೂಪವಾದ ಹೆಸರು ಮೂರೇ ತಿಂಗಳಲ್ಲಿ ರೋಣದ ಸುತ್ತಿನ ಜನರ ಕಪಾಟಿನಿಂದ ತೊಟ್ಟಿಲಿಗೆ ಇಳಿದಿತ್ತು. ಇಳಿಸಿದವನು ತಾನೇ ಎಂಬುದು ಅವನ ತಲೆಗೆ ಹೋಗಲಿಲ್ಲ. ಅಲ್ಲಿಗೆ ಹೋಗುವ ದಾರಿ ಯಾವತ್ತೂ ಅಷ್ಟು ಸಲೀಸು ಇರಲಿಲ್ಲ.

"ಗೌಸುಸಾಬ! ಗಾಡಿ ತಗಿ. ಅಕ್ಕಾ, ನೀನೂ ಬಾ. ನಾಕ ಶಾಣ್ಯಾ ಮಾತ ಹೇಳು ಆ ಮಂದಿಗೆ."

ರಾಜೇಶ್ವರಿ ಎದ್ದಳು. ಬುದ್ಧಿ ಹೇಳಲಿಕ್ಕೆ ಅಲ್ಲ, ಗುಡ್ಡವ್ವನನ್ನು ಇವನೊಬ್ಬನ ಕೈಗೆ ಬಿಡಬಾರದೆಂದು.

"ಗುಡ್ಡವ್ವ ಬಸ್ಸಿಗೆ ಬರ್ಲಿ," ಎಂದ ಸಿದ್ದರಾಮೇಶ.

"ಬಸ್ಸ ಹೋತ್ರಿ," ಎಂದ ಡ್ರೈವರ್ ಗೌಸುಸಾಬ. ಬಸ್ಸು ಇನ್ನೂ ಸ್ಟ್ಯಾಂಡಿನಲ್ಲೇ ಇತ್ತು. ಮುಂದಿನ ಸೀಟಿನ ಮೇಲಿದ್ದ ತನ್ನ ಟವೆಲ್ಲು ತೆಗೆದು, "ಕೂಡವಾ," ಎಂದು ಗುಡ್ಡವ್ವನಿಗೆ ಬಾಗಿಲು ಹಿಡಿದ. ರಾಜೇಶ್ವರಿಯ ಮೊಣಕಾಲು ನೋವು ಅವನಿಗೆ ಗೊತ್ತು. ಅವಳು ಹತ್ತಲು ಒಂದು ಕಲ್ಲು ತಂದಿಟ್ಟ.

ದಾರಿಯಲ್ಲಿ ಸಿದ್ದರಾಮೇಶ ಮುಂದಿನ ಸೀಟಿನ ಬೆನ್ನಿಗೆ ಹೇಳಿದ: "ಹೆಸರ ಬದಲಸ್ರಿ. ಇಲ್ಲಂದ್ರ ನಾಳಿಂದ ನಮ್ಮನಿಗೆ ಎರಿಯಾಕ ಬರಬ್ಯಾಡ."

ಗುಡ್ಡವ್ವ ತಿರುಗಲಿಲ್ಲ. ಮಗಳ ಬಾಣಂತನಕ್ಕೆ ಕೊಬ್ಬರಿ, ಖಾರೀಕು, ತುಪ್ಪ, ಎಲ್ಲ ಈ ಎರೆಯುವ ಕೆಲಸದಿಂದಲೇ ಬರಬೇಕಿತ್ತು. ತನ್ನ ಮನೆಯಲ್ಲಿ ಹದಿಮೂರು ದಿನದ ಕೂಸನ್ನು ಬಿಟ್ಟು ಇವರ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆಯಲು ಅವಳು ದಿನಾ ಬರುತ್ತಿದ್ದುದು ಅದಕ್ಕೇ. ರಾಜೇಶ್ವರಿಗೆ ತನ್ನ ತಮ್ಮನ ಪಕ್ಕದಲ್ಲಿ ಕೂತದ್ದೇ ನಾಚಿಕೆಯೆನಿಸಿತು. ಗುಡ್ಡವ್ವ ಎಂಬ ಹೆಸರೂ ನೆಲದ ಮೇಲಿಂದಲೇ ಬಂದದ್ದು, ಗುಡ್ಡದ ಎಲ್ಲಮ್ಮನಿಂದ. ಇವನ ಅಂಗಡಿಯ ಅರ್ಧ ಗಿರಾಕಿಗಳು ಕಳಕಪ್ಪಗಳು, ಕಳಕೇಶಗಳು, ಎದುರಿನ ಗುಡ್ಡದ ದೇವರ ಹೆಸರಿನವರು. ಆ ಹೆಸರಿನವರಿಗೆ ನಡೆದು ಹೋಗಲು ಒಂದು ಜಾಗವಾದರೂ ಇದೆ. ಇವನು ತನ್ನ ಮಗಳನ್ನು ನಡೆಸಿಕೊಂಡು ಎಲ್ಲಿಗೆ ಹೋಗುತ್ತಾನೆ?

ಲಕ್ಕಲಕಟ್ಟಿಯ ಆ ಮನೆಯಲ್ಲಿ ಒಂದೇ ಕೋಣೆ, ಮುಂದೊಂದು ಕಟ್ಟೆ. ಪಕ್ಕದವರಿಂದ ತಂದ ತೊಟ್ಟಿಲಿಗೆ ಹಸಿರು ಸೀರೆ ಸುತ್ತಿದ್ದರು. ಮಹೇಶ್ವರಿ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಗೋವಾದಲ್ಲಿ ರಸ್ತೆ ಕೆಲಸ ಮಾಡುವ ಗಂಡ ಪರಶಪ್ಪ ಮುಂಜಾನೆಯಷ್ಟೇ ಬಂದಿದ್ದ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ತಂದೆಯ ಅಕ್ಕನೋ ತಂಗಿಯೋ. ಪರಶಪ್ಪನ ಅಕ್ಕ ಮಾನವ್ವನೂ ಅಲ್ಲೇ ದುಡಿಯುವವಳು. ಗುತ್ತಿಗೆದಾರ ಅವಳಿಗೆ ರಜೆ ಕೊಟ್ಟಿರಲಿಲ್ಲ. ಈಗ ಅತ್ತಿಯಾಗಿ ಯಾರು ನಿಲ್ಲಬೇಕೆಂದು ಹೆಂಗಸರು ಜಗಳಾಡುತ್ತಿದ್ದರು.

"ನೀ ನಿಂದರ ಫಕೀರವ್ವ."

"ನಾ ಕೂಸಿಗೆ ಅಜ್ಜಿ ಆಗಬೇಕು, ಅತ್ತಿ ಹ್ಯಾಂಗ ಆಗ್ಲಿ? ನಿನಗ ವಯಸ್ಸಾಗಿ ಅರಳು ಮರಳು."

ಕಾರು ಕಂಡು ಎಲ್ಲರೂ ಎದ್ದರು. ಒಂದು ಕುರ್ಚಿ ಬಂತು, ರಾಜೇಶ್ವರಿ ಕೂತಳು, ನೀರು ಬಂತು. ಸಿದ್ದರಾಮೇಶ ನೀರು ಮುಟ್ಟದೆ ನಿಂತೇ ಹೇಳಿದ: ಈ ಹೆಸರು ತನ್ನ ಮಗಳದು, ಬೇರೆ ಇಟ್ಟುಕೊಳ್ಳಿ.

ಪರಶಪ್ಪನಿಗೆ ಅರ್ಥವಾಗಲಿಲ್ಲ. "ಚಲೋ ಐತಿ ಅಂತ ಇಡಾಕತ್ತೀವ್ರಿ. ನಿಮ್ಮ ಕೂಸಿಂದೇನ ಕಡಿಮಿ ಆಕ್ಕೈತ್ರಿ?"

"ಕರದ್ರ ಸವೀತೈತೇನ್ರಿ ಹೆಸರು?" ಎಂದಳು ಮುದುಕಿ ಫಕೀರವ್ವ. "ನಮ್ಮೂರಾಗ ಹದಿನೆಂಟ ಹನಮಪ್ಪ ಅದಾರ. ಹೊಲದಾಗ ನಿಂತ 'ಹನಮಪ್ಪಾ' ಅಂದ್ರ ಹದಿನೆಂಟೂ ಮಂದಿ 'ಓ' ಅಂತಾವು. ಒಂದೂ ಸವದಿಲ್ಲ."

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಸಿದ್ದರಾಮೇಶ ಕೆಂಪಾದ. "ಬ್ಯಾರೆ ಹೆಸರ ನಾನ ಕೊಡ್ತೀನಿ. ಫೋನಿನ್ಯಾಗ ಬೇಕಾದಷ್ಟ ಅದಾವು. ಆ ಹೆಸರ ಕೊರಸಿ ಹೊಸಾ ಡಬ್ಬಿನೂ ಕೊಡ್ತೀನಿ. ಹಳೇವು ವಾಪಸ್ ಕೊಡ್ರಿ."

ರಾಜೇಶ್ವರಿ ಕಣ್ಣು ಮುಚ್ಚಿದಳು. ಡಬ್ಬಿ ವಾಪಸು ಕೇಳುವ ಸಾವುಕಾರನನ್ನು ಅವಳು ಇದುವರೆಗೆ ಕಂಡಿರಲಿಲ್ಲ. ಕಂಡಾಗ ಅವನು ತನ್ನ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವನಾಗಿದ್ದ.

"ಎಂಟ ದಿನದಿಂದ ಹಂಗ ಕರದೀನ್ರಿ," ಎಂದಳು ಮಹೇಶ್ವರಿ, ತಲೆ ತಗ್ಗಿಸಿಯೇ. "ಕರದ್ರ ತಿರಗ್ತೈತ್ರಿ ಕೂಸು."

"ಗುಡ್ಡವ್ವ, ನಾಳಿಂದ ಬರಬ್ಯಾಡ," ಎಂದ ಸಿದ್ದರಾಮೇಶ.

ಗುಡ್ಡವ್ವ ಮಗಳ ಮುಖ ನೋಡಿದಳು, ಕೂಸನ್ನು ನೋಡಿದಳು. ಆಮೇಲೆ ಬಾಗಿ ಮಗಳ ತಲೆಯ ಬಟ್ಟೆಯನ್ನು ಸರಿಯಾಗಿ ಬಿಗಿದು ಕಟ್ಟಿದಳು. "ಇರ್ಲಿ ಬಿಡವಾ," ಎಂದಳು ಮೆಲ್ಲಗೆ, "ಬ್ಯಾರೆ ಇಡೂನು. ದೊಡ್ಡವರ ಮಾತು."

ಮಹೇಶ್ವರಿ ಕೂಸನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು.

ರಾಜೇಶ್ವರಿ ಕುರ್ಚಿಯ ಕೈ ಹಿಡಿದು ಎದ್ದಳು.

"ತಮ್ಮಾ ಪರಶಪ್ಪಾ, ನಿಮ್ಮಕ್ಕ ಬಂದಿಲ್ಲಂತ. ನಾ ನಿಂದರ್ಲೇನು?"

ಪರಶಪ್ಪ ಗಾಬರಿಯಾದ. "ನೀವ್ರಿ, ಅಕ್ಕೋರ?"

"ಯಾಕ, ನಿನಗಿಂತ ಹಿರೀಕಿ ಅಲ್ಲೇನು? ಕೊಡವಾ ಮಹೇಶ್ವರಿ ಕೂಸಿನ. ಏನ್ ಹೇಳ್ಲಿ ಕಿವ್ಯಾಗ? ಹಡದಾಕಿ ನೀನು, ನೀ ಹೇಳು."

"ಅಕ್ಕಾ!" ಎಂದ ಸಿದ್ದರಾಮೇಶ.

ಮಹೇಶ್ವರಿ ಅವ್ವನ ಕಡೆ ನೋಡಿದಳು. ಗುಡ್ಡವ್ವ ನೆಲ ನೋಡುತ್ತಿದ್ದಳು. ಆಮೇಲೆ ಮಹೇಶ್ವರಿ ಹೇಳಿದಳು, ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ: "ಲುಸೇಷಿಯಾ ಅನ್ರಿ."

ರಾಜೇಶ್ವರಿ ಬಗ್ಗಿದಳು. ಹಿಂಡಿದ ಅರಿವೆಯಂತೆ ಮುದುಡಿದ ಸಣ್ಣ ಕಿವಿ, ಮೇಲೆ ಎಣ್ಣೆಯ ವಾಸನೆ. "ಕುರ್ರ್" ಎಂದು, ಮೂರು ಸಲ ಆ ಹೆಸರು ಹೇಳಿದಳು. ಹೆಸರು ಹೇಳಿದ ಅತ್ತಿಯ ಬೆನ್ನಿಗೆ ಹೆಂಗಸರು ಗುದ್ದಬೇಕು. ಹೈಸ್ಕೂಲಿನ ಅಕ್ಕೋರ ಬೆನ್ನಿಗೆ ಕೈ ಎತ್ತಲು ಯಾರಿಗೂ ಧೈರ್ಯವಾಗಲಿಲ್ಲ. ಕೊನೆಗೆ ಫಕೀರವ್ವ ಮುಂದೆ ಬಂದು ರೊಟ್ಟಿ ತಟ್ಟಿದಂತೆ ಮೆತ್ತಗೆ ತಟ್ಟಿದಳು. "ಇಷ್ಟನ?" ಎಂದಳು ರಾಜೇಶ್ವರಿ. ಆಗ ಬಿದ್ದವು ನೋಡಿ ನಿಜವಾದ ಗುದ್ದು.

"ನೀ ಏನ ಮಾಡಿದ್ರೂ ನಾ ಹೇಳಿದ್ದ ಹೇಳಿದ್ದ," ಎಂದ ಸಿದ್ದರಾಮೇಶ. "ಈಕಿ ನಾಳೆ ಬರೂದ ಬ್ಯಾಡ."

"ಅದನ್ನ ಕವಿತಾ ಹೇಳ್ಲಿ," ಎಂದಳು ರಾಜೇಶ್ವರಿ. ಬೆನ್ನು ನೀವಿಕೊಳ್ಳುತ್ತ ಫೋನು ಹಚ್ಚಿ, ಸ್ಪೀಕರ್ ಮಾಡಿ, ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು.

ಆ ಕಡೆ ಕೂಸು ಅಳುತ್ತಿತ್ತು. ಕವಿತಾ ಅದನ್ನು ತಟ್ಟುತ್ತ ಎಂದಳು: "ಬರಬ್ಯಾಡ ಅಂದವರ ನಾಳೆ ಎದ್ದ ನೀರ ಕಾಸಿ, ಕಾಲಮ್ಯಾಗ ಹಾಕ್ಕೊಂಡ ಎರೀಲಿ ಅನ್ರಿ. ಇಲ್ಲಂದ್ರ ಗುಡ್ಡವ್ವ ಬರ್ಲಿ. ಮತ್ತ ಆ ಕೂಸಿಗೆ ಅದ ಹೆಸರ ಇಟ್ರಲ್ಲಾ, ಅಕ್ಕಾರ? ಚಲೋ ಆತು."

ಸಿದ್ದರಾಮೇಶ ಸುತ್ತ ನೋಡಿದ. ಯಾರೂ ನಗುತ್ತಿರಲಿಲ್ಲ. ನಗದೇ ಇರಲು ಅವರು ಪಡುತ್ತಿದ್ದ ಕಷ್ಟ ನಗುವಿಗಿಂತ ಕೆಟ್ಟದಾಗಿತ್ತು. ಅವನು ಚಪ್ಪಲಿ ಮೆಟ್ಟಿಕೊಂಡು ಕಾರಿಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ತಲೆ ಹಾಕಿ ಕೂಗಿದ:

"ಅಕ್ಕಾ! ನಾನ ಬದಲಸ್ತೀನಿ ನಮ್ಮ ಕೂಸಿಂದು. ನಾರ್ವೇದಾಗ ಒಂದ ಊರ ಸಿಕ್ಕೈತಿ. ಸೋಮಾರ ತೊಟ್ಟಲಾ ಕಟ್ಟೂನು, ನೀನ ಕಿವ್ಯಾಗ ಹೇಳಬೇಕು."

"ಒಂದ ಕೂಸಿಗೆ ನಾ ಒಂದ ಸಲಾನ ಹೇಳಾಕಿ," ಎಂದಳು ರಾಜೇಶ್ವರಿ. "ಊರಿಗೊಂದ ಹೆಸರ ಬದಲಸ್ತಿ ಅಂದ್ರ ಊರಿಗೊಬ್ಬಾಕಿ ಅಕ್ಕನ್ನ ಹುಡಕ್ಕೋ."

ಎಲೆ ಹಾಕಿದರು. ಮಹೇಶ್ವರಿ ತಾನು ಒರಗಿದ್ದ ಗೋಡೆಯ ಜಾಗ ಬಿಟ್ಟು ಸರಿದು, ಅಕ್ಕೋರಿಗೆ ಬೆನ್ನು ಆನಿಸಲು ಆಗಲೆಂದು ಕೌದಿ ಮಡಚಿ ಇಟ್ಟಳು. ಗೌಸುಸಾಬನಿಗೂ ಕಟ್ಟೆಯ ಮೇಲೆ ಎಲೆ ಬಂತು. ಕಾರಿನ ಹಾರ್ನು ಎರಡು ಸಲ ಕೇಳಿತು.

"ಸಾವ್ಕಾರ ಕರ್ಯಾಕತ್ತಾರಲ್ರಿ," ಎಂದಳು ಗುಡ್ಡವ್ವ ಅಂಜುತ್ತ.

"ಅಕ್ಕನ್ನ ಹುಡಕ್ಲಿ ಬಿಡವಾ, ನಿವಾಂತ ಹುಡಕ್ಲಿ," ಎಂದ ಗೌಸುಸಾಬ. ಹೋಳಿಗೆಯ ಮೇಲೆ ಹಾಲು ಹಾಕಿಸಿಕೊಂಡು, ಎರಡನೆಯದಕ್ಕೆ ಕೈ ಚಾಚಿದ.