ಮ್ಯಾಲಿನ ಮ್ಯಾಳ

ಗೋಡೆಯ ಗೂಟಕ್ಕೆ ಬಿಳಿ ಪಂಚೆ ಸುತ್ತಿ, ಅದನ್ನು ಮುರಿಗೆಪ್ಪನ ಎದೆಗೆ ಅಡ್ಡ ತಂದು ಬಿಗಿಯುತ್ತಿದ್ದಾಗ ಅವನ ಹೆಂಡತಿ ಕಾಶೆವ್ವ, “ಒಂದೀಟು ಸಡ್ಲ ಬಿಡ್ರಿ. ಉಸರಾಡಾಕ ಆಗೂದಿಲ್ಲ ಅವರಿಗೆ” ಎಂದಳು.

ಪಂಚೆಯ ತುದಿ ಹಿಡಿದಿದ್ದ ಅಳಿಯ ಮಾಯಪ್ಪ ಅತ್ತೆಯ ಮುಖ ನೋಡಿದ. ತಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂಬಂತೆ ಅವಳು ಕೂತಿದ್ದಳು. ಮಾಯಪ್ಪ ಗಂಟು ಸಡಿಲಿಸಿದ. ಹಣೆತುಂಬ ವಿಭೂತಿ ಧರಿಸಿ, ಕಾಲು ಮಡಚಿ ಗೋಡೆಗೆ ಒರಗಿ ಕೂತ ಮುರಿಗೆಪ್ಪ, ಯಾರದೋ ಮದುವೆಯ ಹಂದರದಲ್ಲಿ ಮುಂದಿನ ಹಾಡು ಶುರುವಾಗಲೆಂದು ಕಾಯುವವನ ಹಾಗೆ ಕಾಣುತ್ತಿದ್ದ. ಸತ್ತ ಮೇಲೂ ಮನುಷ್ಯನಿಗೆ ಅವಸರವಿರಲಿಲ್ಲ.

ಅಷ್ಟರಲ್ಲಿ ಗೋಕಾಕ ಫಾಲ್ಸಿನ ಆ ಗಿರಣಿ ಚಾಳಿನ ಮುಂದೆ ಘೋಡಗೇರಿಯ ಚಕ್ಕಡಿಯೊಂದು ಬಂದು ನಿಂತಿತು. ಇಳಿದವನು ಕೆಂಚಪ್ಪ. ಕರಡಿ ಮಜಲಿನ ಮ್ಯಾಳದಲ್ಲಿ ಸನಾದಿ ಊದುತ್ತ ತಲೆ ಹಣ್ಣಾದವನು; ಸತ್ತವನ ಜೊತೆಗಾರರಲ್ಲಿ ಇನ್ನೂ ಉಳಿದಿದ್ದವನು ಅವನೊಬ್ಬನೇ. ಬಗಲಲ್ಲಿ ಅರಿವೆ ಸುತ್ತಿದ ಸನಾದಿಯಿತ್ತು. ಆದರೆ ಒಳಗೆ ಬರಲಿಲ್ಲ. ಎದುರಿನ ಬೇವಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತುಬಿಟ್ಟ.

ಮಾಯಪ್ಪ ಓಡಿ ಬಂದ. “ಕಾಕಾ, ಮುಖಾ ನೋಡಾಕ ಬರ್ರಿ.”

“ನೋಡಿದ ಮುಖಾನ ಐತಿ.”

“ಹಂಗಂದ್ರ ಹೆಂಗ್ರಿ? ಸಂಜಿಕ ಎತ್ತೂದೈತಿ. ಮುಂದ ನೀವ ಊದಬೇಕು.”

“ನಾ ಊದಾಂಗಿಲ್ಲ.” ಕೆಂಚಪ್ಪ ಬೇವಿನ ಕಡ್ಡಿಯಿಂದ ನೆಲ ಕೆದಕಿದ. “ಅವನ ಮ್ಯಾಳದಾಗ ನಾ ಇಲ್ಲಪಾ. ಸನಾದಿಗೆ ಅಂವ ಯಲ್ಲಾರಿನ್ನ ಇಟಗೊಂಡಾನ. ಹೋಗಿ ಯಲ್ಲಾರಿನ್ನ ಕರಕೊಂಬರ್ರಿ.”

“ಯಾವ ಯಲ್ಲಾರಿ? ನಿಮ್ಮೂರ ಯಲ್ಲಾರಿ ಏನ್ರಿ? ಅಂವ ಸತ್ತು ಎಸೋ ವರ್ಷ ಆತಲ್ರಿ!”

“ಅದಕ್ಕ ನೋಡು ಅವಂಗ ಜಾಗಾ ಸಿಕ್ಕೈತಿ” ಎಂದ ಕೆಂಚಪ್ಪ.

*

ಮುರಿಗೆಪ್ಪ ಜೀವಮಾನವಿಡೀ ಊದಿದ್ದು ಒಂದೇ ಸ್ವರ. ಮ್ಯಾಳದಲ್ಲಿ ಸನಾದಿ ಎರಡಿರುತ್ತವೆ. ಒಂದು ಹಾಡುತ್ತದೆ, ಇನ್ನೊಂದು ಸುರ ಹಿಡಿಯುತ್ತದೆ. ಹಾಡುವ ಸನಾದಿಗೆ ಜನ ತಲೆದೂಗುತ್ತಾರೆ, ಶಾಲು ಹೊದಿಸುತ್ತಾರೆ. ಸುರ ಹಿಡಿಯುವವನು ಕಡೆಯಲ್ಲಿ ಕೂತು, ಗಲ್ಲ ಉಬ್ಬಿಸಿಕೊಂಡು, ಮೂಗಿನಿಂದ ಉಸಿರು ಎಳೆದು ಬಾಯಿಂದ ಬಿಡುತ್ತ, ಶುರುವಿನಿಂದ ಕೊನೆಯವರೆಗೂ ಒಂದೇ ‘ಪೀ’ ಎಂಬುದನ್ನು ಕಡಿಯದಂತೆ ಕಾಯಬೇಕು. ಅದು ಇದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ, ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಮುರಿಗೆಪ್ಪನದು ನಿಂತದ್ದೇ ಇಲ್ಲವಾದ್ದರಿಂದ ಅವನ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಗಿರಣಿಯಲ್ಲಿ ನೂಲಿನ ಕೆಲಸ, ಲಗ್ನದ ದಿನಗಳಲ್ಲಿ ಸುರದ ಕೆಲಸ. ಗಿರಣಿಯ ಸೈರನ್ನಿನ ಹಾಗೆ ಒಂದೇ ಕೂಗು ಎಂದು ಚಾಳಿನ ಹುಡುಗರು ಅವನಿಗೆ ‘ಭೋಂಗಾ ಮುತ್ಯಾ’ ಎಂದು ಹೆಸರಿಟ್ಟಿದ್ದರು. ಅವನು ಅದಕ್ಕೂ ಓಗೊಡುತ್ತಿದ್ದ.

ಸತ್ತವರನ್ನು ಕೂಡಿಸಿ ಅವನು ಮಾತಿನಲ್ಲೇ ಕಟ್ಟಿದ ಮೇಲಿನ ಮ್ಯಾಳ ಶುರುವಾದದ್ದು ಮಾನಮೋಡಿ ಬ್ಯಾನಿಯ ವರ್ಷ. ಕರಡಿ ಎಂಬ ಚರ್ಮವಾದ್ಯ ಬಾರಿಸುತ್ತಿದ್ದ ಮೂಡಲಗಿಯ ಸತ್ಯಪ್ಪ ಆ ಜ್ವರದಲ್ಲಿ ಮೂರನೆಯ ದಿನಕ್ಕೇ ಹೋಗಿಬಿಟ್ಟ. ಎಲ್ಲರೂ ಕುಣಿಗೆ ಮಣ್ಣು ಹಾಕಿ ಕೈ ತೊಳೆಯುತ್ತಿದ್ದಾಗ ಮುರಿಗೆಪ್ಪ ಮಾತ್ರ ಅಂಚಿನಲ್ಲಿ ಬಗ್ಗಿ, ಪಕ್ಕದ ಮನೆಯವನಿಗೆ ಹೇಳುವ ಹಾಗೆ ಹೇಳಿದ: “ಸತ್ಯಪ್ಪಾ, ನೀ ಮುಂದ ಹೋಗಿ ಕರಡಿ ಬಿಸಲಿಗೆ ಕಾಸಿ ಇಡು. ನಾವು ಹಿಂದಿಂದ ಬರ್ತೇವಿ.”

ಆಮೇಲೆ ಹುಕ್ಕೇರಿಯ ಪರಸಪ್ಪ ತೀರಿಕೊಂಡಾಗ ಅವನಿಗೆ ತಾಳ ಕೊಟ್ಟ. ಲಗ್ನ ಮುಗಿಸಿ ಚಕ್ಕಡಿಯಲ್ಲಿ ಮರಳುವಾಗ ಮ್ಯಾಳದವರಿಗೆಲ್ಲ ಅದೇ ಮಾತು. “ಈಗ ನೋಡ್ರಿ, ಸತ್ಯಪ್ಪ ಕರಡಿಗೆ ಕೈ ಹಾಕಿದ. ಪರಸಪ್ಪ ತಾಳ ಎತ್ತಿದ. ಮುಂದ ಯಾರ ಕುಂತಾರಂತೀರಿ? ಸಾಕ್ಷಾತ್ ಶರಣರು! ಅಲ್ಲಿ ನಮಗ ಮೊದಲನೇ ಪಂಗತ್ಯಾಗ ಊಟ. ಉಂಡವರ ಎಲಿ ಎತ್ತೂತನಕ ಕಾಯೂದಿಲ್ಲ.” ಲಗ್ನದ ಮನೆಗಳಲ್ಲಿ ಕಡೆಯ ಪಂಗತಿಗೆ ಕೂತು ತಣ್ಣಗಾದ ಹುಗ್ಗಿ ಉಂಡು ಬಂದವರಿಗೆ ಈ ಮಾತು ತುಪ್ಪ ಬಡಿಸಿದಷ್ಟು ಹಿತವಾಗುತ್ತಿತ್ತು.

“ಸುರಕ್ಕ ಯಾರೋ?” ಎಂದು ಯಾರಾದರೂ ಕೇಳಿದರೆ, “ಅದು ನಂದು. ಯಾರಿಗೂ ಕೊಡಾಂಗಿಲ್ಲ” ಎನ್ನುತ್ತಿದ್ದ.

“ಸನಾದಿಗೆ?” ಎಂದು ಕೆಂಚಪ್ಪ ಒಂದು ದಿನ ಕೇಳಿದ. ಚೇಷ್ಟೆಗೆ ಕೇಳಿದಂತೆ ಕೇಳಿದನಾದರೂ ಅವನ ಕಿವಿ ನೆಟ್ಟಗಾಗಿತ್ತು.

ಮುರಿಗೆಪ್ಪ ಎತ್ತಿನ ಬಾಲ ನೋಡುತ್ತ, “ಯಲ್ಲಾರಿ” ಎಂದ.

ಚಕ್ಕಡಿಯಲ್ಲಿದ್ದವರೆಲ್ಲ ನಕ್ಕರು. ಘೋಡಗೇರಿಯ ಯಲ್ಲಾರಿ ಆ ವರ್ಷವಷ್ಟೇ ತೀರಿಕೊಂಡಿದ್ದ. ಬಂಗಾರದಂಥ ಮನುಷ್ಯ, ಸನಾದಿ ಮಾತ್ರ ಅವನ ಕೈಗೆ ಸಿಕ್ಕು ಪಡಬಾರದ ಪಾಡು ಪಟ್ಟಿತ್ತು. ಹುಕ್ಕೇರಿಯ ಒಂದು ಲಗ್ನದಲ್ಲಿ ಅವನು ಊದಿದ ಕೂಡಲೇ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯ ಕರು ತಾಯಿ ಕರೆಯಿತೆಂದು ತಿಳಿದು ಓಗೊಟ್ಟಿತ್ತು. ಆ ದಿನ ಎಲ್ಲರಿಗಿಂತ ಹೆಚ್ಚು ನಕ್ಕವನು ಯಲ್ಲಾರಿಯೇ.

ಕೆಂಚಪ್ಪನಿಗೆ ನಗು ಬರಲಿಲ್ಲ. ಬೇರೆ ಯಾರ ಹೆಸರು ಹೇಳಿದ್ದರೂ ನುಂಗಿಕೊಳ್ಳುತ್ತಿದ್ದನೇನೋ. ತನ್ನ ಬಗಲಲ್ಲಿ ಕೂತು, ತನ್ನ ಒಂದೊಂದು ಹಾಡಿಗೂ ನೆಲ ಹಾಸಿಕೊಟ್ಟವನು, ಆಯ್ಕೆಯ ಹೊತ್ತು ಬಂದಾಗ ಎಮ್ಮೆಕರು ಓಗೊಡುವ ಸನಾದಿ ಬೇಕೆಂದನಲ್ಲ! ಆ ರಾತ್ರಿಯಿಂದ ಇಬ್ಬರ ನಡುವೆ ಮಾತು ನಿಂತಿತು. ಬಾರಿಸುವುದು ನಿಲ್ಲಲಿಲ್ಲ. ಒಂದೇ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಕೆಂಚಪ್ಪ ತಾಳದವನ ಕಡೆ ತಿರುಗಿ, “ಸುರ ಒಂದೀಟು ಏರಸಂತ ಹೇಳಪಾ ಅವಂಗ” ಎನ್ನುತ್ತಿದ್ದ. ತಾಳದವನು ಬಾಯಿ ತೆರೆಯುವ ಮೊದಲೇ ಸುರ ಏರಿರುತ್ತಿತ್ತು.

*

ಬಿಸಿಲು ಇಳಿಯುವ ಹೊತ್ತಿಗೆ ಮೂಡಲಗಿಯಿಂದ ಮ್ಯಾಳ ಬಂತು. ಈಗಿನ ಹುಡುಗರು: ಕರಡಿಗೊಬ್ಬ, ತಾಳಕ್ಕೊಬ್ಬ, ಸನಾದಿಗೆ ಹಣಮಂತ. ಹಣಮಂತ ಕೆಂಚಪ್ಪನ ಕಾಲು ಮುಟ್ಟಿ ನಮಸ್ಕರಿಸಿ, ಮಾಯಪ್ಪನನ್ನು ಬದಿಗೆ ಕರೆದ.

“ಸುರಕ್ಕ ಯಾರ್ರಿ?”

ಮಾಯಪ್ಪ ಬಾಗಿಲ ಕಡೆ ನೋಡಿದ. ಇಲ್ಲಿಯ ಮ್ಯಾಳದಲ್ಲಿ ಸುರಕ್ಕೆ ಯಾರೆಂಬ ಪ್ರಶ್ನೆಯನ್ನು ಆ ಸೀಮೆಯಲ್ಲಿ ಇಷ್ಟು ದಿನ ಯಾರೂ ಕೇಳಿರಲಿಲ್ಲ. ಸುರದವನು ಒಳಗೆ ಗೋಡೆಗೆ ಒರಗಿ ಕೂತಿದ್ದ.

“ಸುರ ಇಲ್ದ ಊದಿದ್ರ ಗೋಡಿ ಇಲ್ದ ಛಪ್ಪರ ಹಾಕಿದಂಗ ಆಗತೈತ್ರಿ” ಎಂದ ಹಣಮಂತ. “ಬರೇ ಕರಡಿ ತಾಳ ಮ್ಯಾಲ ಒಯ್ಯೋಣಂದ್ರ ಒಯ್ಯೋಣು.”

ಈ ಮಾತು ಒಳಗೆ ಕಾಶೆವ್ವನ ಕಿವಿಗೆ ಬಿತ್ತು. ಹೆಣದ ಬಳಿಯಿಂದ ಅವಳು ಎದ್ದಳು. “ಹಂಗ ಏಳಬಾರ್ದು ಯವ್ವಾ” ಎಂದು ಹೆಂಗಸರು ಸೆರಗು ಹಿಡಿದರು. ಅವಳು ಬಿಡಿಸಿಕೊಂಡು, ನೆಟ್ಟಗೆ ಬೇವಿನ ಕಟ್ಟೆಗೆ ಬಂದು, ಕೆಂಚಪ್ಪನ ಎದುರಿಗೆ ನೆಲದ ಮೇಲೆ ಕೂತಳು. ಚಾಳಿಗೆ ಚಾಳೇ ಬಾಗಿಲಲ್ಲಿ ನಿಂತು ನೋಡಿತು.

“ಕೆಂಚಪ್ಪಣ್ಣಾರ, ಅವ್ರ ಸುರಾ ಇಲ್ದ ಹೋಗಬೇಕೇನ್ರಿ?”

“ನನ್ನ ಯಾಕ ಕೇಳ್ತಿ ತಂಗಿ? ಅವಂಗ ಬೇಕಾದಾವ ಯಲ್ಲಾರಿ.”

“ಯಲ್ಲಾರಿಗೆ ಊದಾಕ ಬರ್ತಿತ್ತೇನ್ರಿ?”

“ಇಲ್ಲ!” ಕೆಂಚಪ್ಪನ ದನಿ ಒಮ್ಮೆಲೇ ಏರಿತು. “ಅದನ್ನ ನಾನೂ ಕೇಳೂದು! ಊದಾಕ ಬರ್ತಿದ್ದಿಲ್ಲ. ಅಂಥಾವನ್ನ ಕುಂಡ್ರಿಸಿದ್ನಲ್ಲ!”

ಕಾಶೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾನೂ ಕೇಳಿದ್ದೆ ಒಮ್ಮಿ. ಕೆಂಚಪ್ಪಣ್ಣಾರನ್ಯಾಕ ಇಟಗೊಳ್ಳಿಲ್ಲ ಅಂದೆ. ನನ್ನ ಬಾಯಿ ಮ್ಯಾಲ ಗಪ್ಪನ ಕೈ ಇಟ್ರು ನೋಡ್ರಿ. ‘ಸಾಯ್ತಾನ ಹುಚ್ಚಿ! ಬದುಕಿದಾವನ ಹೆಸರ ಸತ್ತವರ ಸಾಲಿನ್ಯಾಗ ತಗೀಬಾರ್ದು’ ಅಂದ್ರು. ‘ಅದು ಅವನ ಜಾಗಾ. ಅವಂಗ ಬಿಟ್ರ ಇನ್ಯಾರಿಗೈತಿ? ಅಂವ ಬರೂತನಕ ಖಾಲಿ ಇಟ್ರ ಯಾರರೆ ಬಂದು ಕುಂಡ್ರತಾರ. ಪಂಗತ್ಯಾಗ ಟವಲ್ ಹಾಸಿ ಜಾಗಾ ಹಿಡೀತೇವಲ್ಲ, ಹಂಗ ಯಲ್ಲಾರಿನ್ನ ಕುಂಡ್ರಿಸೇನಿ’ ಅಂದ್ರು.”

ಕೆಂಚಪ್ಪನ ಕೈಯಲ್ಲಿದ್ದ ಕಡ್ಡಿ ನಿಂತಿತು.

“ಯಲ್ಲಾರಿನ್ನ ಯಾಕ?”

“ಅದನ್ನೂ ಕೇಳಿದೆ. ‘ಏಳೋ ಅಂದ್ರ ಸಿಟ್ಟಿಲ್ದ ನಕ್ಕೋತ ಏಳಾವ ಅಂವ ಒಬ್ಬನ’ ಅಂದ್ರು.”

ಕೆಂಚಪ್ಪ ಕಡ್ಡಿಯನ್ನು ಕೆಳಗೆ ಹಾಕಿದ. ಆಮೇಲೆ ತಪ್ಪು ಹುಡುಕುವವನಂತೆ, “ನನಗ ಹೇಳಬಾರ್ದಾಗಿತ್ತೇನು?” ಎಂದ.

“ಹೇಳಿದ್ರ ಹೆಸರ ತಗದಂಗ ಆಗತಿತ್ತಲ್ರಿ. ನೀವು ಮಾತ ಬಿಟ್ಟಿರಿ ಅಂತ ಎಷ್ಟ ಅತ್ತಾರ. ‘ಸಿಟ್ಟಾಗಲಿ ಬಿಡು, ಬದುಕಿರಲಿ’ ಅಂತಿದ್ರು.”

“ಮತ್ತ ಈಗ ನೀ ಹೇಳಿಬಿಟ್ಟೆಲ್ಲ ತಂಗಿ. ನಾ ಸಾಯ್ತೇನೀಗ.”

ಕಾಶೆವ್ವ ಹೌಹಾರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಮುಖ ನೋಡಿ ಕೆಂಚಪ್ಪ ನಕ್ಕ. ನಗುತ್ತ ಇದ್ದವನು ಹಾಗೇ ಅಳಲಿಕ್ಕೆ ಹತ್ತಿದ. ಮುಪ್ಪಿನ ಗಂಡಸು, ನಾಲ್ಕು ಮಂದಿ ಎದುರಿಗೆ, ರುಮಾಲಿನ ಸೆರಗು ಬಾಯಿಗೆ ಒತ್ತಿಕೊಂಡು ಗಳಗಳನೆ ಅತ್ತ. ಇಷ್ಟು ವರ್ಷ ಅವನು ಸಾಕಿಕೊಂಡು ಬಂದ ಸಿಟ್ಟು ಅದು. ಹೋಗುವಾಗ ಸುಮ್ಮನೆ ಹೋಗುತ್ತದೆಯೇ?

ಒಳಗೆ ಹೋಗಿ ಮುರಿಗೆಪ್ಪನ ಎದುರು ಕೂತ. ಮೊಣಕಾಲಿಗೆ ಮೊಣಕಾಲು ತಾಗಿತು. “ಮಗನ, ಒಂದ್ ಕಣ್ಣಸನ್ನಿ ಮಾಡಿದ್ರ ತಿಳಕೋತಿದ್ನೆಲ್ಲೋ” ಎಂದ. ನಂತರ ಇನ್ನೊಂದು ಗೂಟಕ್ಕೆ ತೂಗುಹಾಕಿದ್ದ ಮುರಿಗೆಪ್ಪನ ಸುರದ ಸನಾದಿಯನ್ನು ತೆಗೆದುಕೊಂಡು ಹೊರಬಂದ.

“ಹಣಮಂತಾ, ಹಾಡು ನೀ ಹಿಡಿ. ಸುರಾ ನಾ ಹಿಡೀತೇನಿ.”

ಹಣಮಂತ ಎರಡು ಹೆಜ್ಜೆ ಹಿಂದೆ ಸರಿದ. “ಎಂಥಾ ಮಾತ್ರಿ ಕಾಕಾ! ನೀವ ಸುರಾ ಹಿಡದು ನಾ ಹಾಡೂದ? ಮಂದಿ ನನಗ ಉಗುಳತಾರ. ನೀವ ಹಾಡ್ರಿ.”

“ನನ್ನ ಜಾಗಾ ಅಲ್ಲಿ ಅಂವ ಹಿಡದಾನ. ಇಲ್ಲಿ ಅವನ ಜಾಗಾ ಖಾಲಿ ಬಿದ್ದೈತಿ” ಎಂದ ಕೆಂಚಪ್ಪ. “ಸುಮ್ಕ ಊದು.”

ಹೆಣ ಕೂರಿಸಿದ ವಿಮಾನ ಎದ್ದಿತು. ಬಾಳೆಕಂಬ, ಸೇವಂತಿಗೆ ಸರಗಳ ನಡುವೆ ಮುರಿಗೆಪ್ಪ ನಾಲ್ಕು ಹೆಗಲ ಮೇಲೆ ಕೂತು ಹೊರಟ. ಕರಡಿ ಗುಡುಗಿತು. ಹಣಮಂತ ಅಂಜುತ್ತಲೇ ಎತ್ತಿಕೊಂಡ ಹಾಡು ನಾಲ್ಕು ಮನೆ ದಾಟುವುದರಲ್ಲಿ ಚೆನ್ನಾಗಿ ಕುದುರಿತು. ಅದರ ಕೆಳಗೆ ಕೆಂಚಪ್ಪನ ಒಂದೇ ಸ್ವರ.

ಸುರದಲ್ಲಿ ಏನಿದೆ, ಎಮ್ಮೆ ಕಾಯುವವನೂ ಹಿಡಿದಾನು ಎಂದು ಹಿಂದೆ ಎಷ್ಟೋ ಸಲ ಅಂದವನು ಅವನೇ. ಗಲ್ಲದಲ್ಲಿ ಗಾಳಿ ನಿಲ್ಲಲಿಲ್ಲ. ಹಲ್ಲು ಬಿದ್ದ ಕಡೆಯಿಂದ ಸೋರಿತು. ಹಾಡಿನಲ್ಲಾದರೆ ಉಸಿರು ತಗೊಳ್ಳಲು ಒಂದು ಸಂದು ಸಿಗುತ್ತದೆ, ಇದರಲ್ಲಿ ಸಂದೇ ಇಲ್ಲ. ಕಣ್ಣು ಕೆಂಪಾದವು, ಕೊರಳ ನರ ಉಬ್ಬಿದವು. ಗಿರಣಿಯ ಗೇಟಿನ ಹತ್ತಿರ ಬಂದಾಗ ಸುರ ಒಮ್ಮೆ ನಡುಗಿ, ಫಟ್ಟನೆ ಕಡಿಯಿತು.

ಹಣಮಂತ ಹಾಡು ನಿಲ್ಲಿಸಿದ. ಕರಡಿ ನಿಂತಿತು, ತಾಳ ನಿಂತಿತು. ಕೆಂಚಪ್ಪ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ಏದುಸಿರು ಬಿಡುತ್ತ, ಮುಂದೆ ನಡೀರಿ ಎಂದು ಕೈ ಬೀಸಿದ.

ಹಗಲು ಪಾಳಿ ಮುಗಿಸಿ ಮೈತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಬಂದ ಮಂದಿ ರಸ್ತೆಯ ಎರಡೂ ಬದಿಗೆ ನಿಂತಿತ್ತು. “ಹೊತ್ತು ಮುಳಗತೈತಿ, ನಡೀರಿ” ಎಂದು ಮಾಯಪ್ಪ ಮೆಲ್ಲಗೆ ಹೇಳಿದ. ವಿಮಾನ ಹೊತ್ತ ನಾಲ್ವರಲ್ಲಿ ಒಬ್ಬನೂ ಹೆಜ್ಜೆ ಎತ್ತಲಿಲ್ಲ. ಕೆಂಚಪ್ಪ ನೆಟ್ಟಗಾಗಿ, ಸನಾದಿಯ ತುದಿಯನ್ನು ನಾಲಿಗೆಯಿಂದ ತೇವ ಮಾಡಿ, ಎದೆತುಂಬ ಗಾಳಿ ಎಳೆದುಕೊಳ್ಳುವವರೆಗೂ ಅವರು ನಡುರಸ್ತೆಯಲ್ಲಿ ಮುರಿಗೆಪ್ಪನನ್ನು ಹೊತ್ತು ಹಾಗೇ ನಿಂತರು.