ಕುರಿ ಪಾಲಿನ ಔಷಧಿ

ಎಂಬತ್ತಾರನೇ ಇಸವಿಯ ಮಾತು. ಹೆಬ್ಬೂರಿನ ಶಿವರಾಮಯ್ಯನಿಗೆ ಆಸ್ಪತ್ರೆಯೆಂದರೆ ಮೊದಲಿನಿಂದಲೂ ಗುಮಾನಿ. ಹೆಂಡತಿ ಚೆನ್ನಮ್ಮನ ಕರುಳಿನ ಗಡ್ಡೆ ಕೊಯ್ದು ತೆಗೆದ ಡಾಕ್ಟರು, ಕ್ಯಾನ್ಸರ್ ಮರುಕಳಿಸದಿರಲಿ ಅಂತ ಮಾತ್ರೆ ಕೊಟ್ಟಿದ್ದರು. ಅದರ ಹೆಸರು ಓದಿದ ಶಿವರಾಮಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಕುರಿಗಳ ಜಂತುಹುಳಕ್ಕೆಂದು ಗುಬ್ಬಿಯಿಂದ ತಂದಿದ್ದ ಬಾಟ್ಲಿಯ ಮೇಲೂ ಅದೇ ಹೆಸರು!

ತುಮಕೂರಿನ ಆಸ್ಪತ್ರೆಗೆ ಹೋಗಿ ಜಗಳ ತೆಗೆದ.

“ಅದೇ ಔಷಧಿ ಕಣ್ರೀ. ಕ್ಯಾನ್ಸರಿಗೂ ಆಗುತ್ತಾ ಅಂತ ಪರೀಕ್ಷೆ ಮಾಡ್ತಿದೀವಿ. ಚೆನ್ನಮ್ಮನವರೇ ಒಪ್ಪಿದಾರೆ,” ಅಂದರು ಡಾಕ್ಟರು.

“ನಿಮ್ಮ ಪರೀಕ್ಷೆಗೆ ನಾವೇ ಬೇಕಿತ್ತಾ?” ಅಂತ ರೇಗಿ ಬಂದವನೇ ಮಾತ್ರೆಯನ್ನೆಲ್ಲ ಬೂಸಾದಲ್ಲಿ ಕಲಸಿ ಕುರಿಗಳಿಗೆ ಹಾಕಿಬಿಟ್ಟ.

ಸಂಜೆ ನೋಡಿದರೆ ಕುರಿಗಳ ಔಷಧಿ ಬಾಟ್ಲಿಯ ಮುಚ್ಚಳ ತೆರೆದಿತ್ತು. ಚೆನ್ನಮ್ಮ ಸೆರಗಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದಳು.

“ಏನೇ ಮಾಡ್ದೆ?”

“ನನ್ನ ಪಾಲು ಕುರಿ ತಿಂದ್ವಲ್ಲ, ಕುರಿ ಪಾಲು ನಾನು ಕುಡಿದೆ. ಅನುಮಾನ ನಿಮ್ಮದು, ಪ್ರಾಣ ನಂದು.”