ಅಂಕಮ್ಮ ಮಾಡಿಸಿದ ಟೂಲ್ ಪೆಟ್ಟಿಗೆ

ಬನಶಂಕರಿ ಎರಡನೇ ಸ್ಟೇಜಿನಲ್ಲಿ ಪಿಳ್ಳಣ್ಣನಿಗೆ ಶೀಟು ಹೊದಿಸಿದ ಒಂದು ಸಣ್ಣ ಗ್ಯಾರೇಜಿತ್ತು. ಸ್ಪ್ಯಾನರು, ಸ್ಕ್ರೂಡ್ರೈವರು, ಸುತ್ತಿಗೆ ಎಲ್ಲಾ ಒಂದೇ ಗೋಣಿಚೀಲದಲ್ಲಿ. ಬೆಳಿಗ್ಗೆ ಚೀಲ ನೆಲಕ್ಕೆ ಸುರಿಯುತ್ತಿದ್ದ, ಸಂಜೆ ಕೈಗೆ ಸಿಕ್ಕಿದ್ದನ್ನು ತುಂಬಿ ಬಾಯಿ ಕಟ್ಟುತ್ತಿದ್ದ. ಯಾವುದಾದರೂ ಕಳೆದರೆ ಇನ್ನೊಂದು ತರುತ್ತಿದ್ದ, ಅಷ್ಟೇ.

ಹೆಂಡತಿ ಅಂಕಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಯುತ್ತಿದ್ದಳು. ಅವಳ ತಮ್ಮ ಮಾರಯ್ಯನದು ಒಂದು ಮೆಟಡೋರ್ ವ್ಯಾನು. ಅಕ್ಕನನ್ನೂ ಯಡಿಯೂರು, ಜಯನಗರದ ಕಡೆಯ ಹೆಂಗಸರನ್ನೂ ದಿನಾ ಆ ಫ್ಯಾಕ್ಟರಿಗೆ ಬಿಟ್ಟುಬರೋದು ಅವನ ಕೆಲಸ. ವ್ಯಾನು ಕೆಟ್ಟರೆ ಭಾವನ ಕೈಗೇ ಬರಬೇಕು.

ಎಂಬತ್ತೈದರ ಬೇಸಿಗೆಯಲ್ಲಿ ಒಂದು ಭಾನುವಾರ ಪಿಳ್ಳಣ್ಣ ಆ ವ್ಯಾನಿನ ಎಂಜಿನ್ ಕೆಲಸ ಮುಗಿಸಿ ಕೊಟ್ಟ. ಮಾರನೇ ದಿನ ಬೆಳಿಗ್ಗೆ ಬಿಟಿಎಂ ಲೇಔಟಿನ ಹತ್ತಿರ ಮಾರಯ್ಯ ಆಕ್ಸಿಲರೇಟರಿಂದ ಕಾಲು ತೆಗೆದರೂ ವ್ಯಾನಿನ ವೇಗ ಇಳಿಯಲಿಲ್ಲ. ಬ್ರೇಕ್ ಒತ್ತಿದ, ಸುಟ್ಟ ವಾಸನೆ ಬಂತೇ ಹೊರತು ಗಾಡಿ ನಿಲ್ಲಲಿಲ್ಲ. ಎದುರಿಗೆ ನೀರಿನ ಲಾರಿ. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯೊಂದರ ಮರಳಿನ ರಾಶಿ ಕಾಣಿಸಿತು. ಅವನು ಅದಕ್ಕೇ ತಿರುಗಿಸಿದ. ವ್ಯಾನು ಮರಳು ಹತ್ತಿ ಹಿಂದಿದ್ದ ಸೈಜುಗಲ್ಲಿನ ರಾಶಿಗೆ ಬಡಿದು ನಿಂತಿತು. ಟಿಫನ್ ಡಬ್ಬಿಗಳ ಸಾರೆಲ್ಲ ಚೆಲ್ಲಿ, ಓಡಿಬಂದವರು ರಕ್ತ ಅಂದುಕೊಂಡರು. ಮಾರಯ್ಯನ ಬಲ ಮಣಿಕಟ್ಟು ಮುರಿದಿತ್ತು. ಅಂಕಮ್ಮನ ಹಣೆಗೆ ಹೊಲಿಗೆ ಹಾಕಬೇಕಾಯಿತು. ಉಳಿದವರಿಗೆ ತರಚು ಗಾಯ.

ವಾರದ ಮೇಲೆ ಮಾರಯ್ಯ ಕೈಗೆ ಪಟ್ಟಿ ಹಾಕಿಕೊಂಡೇ ಗ್ಯಾರೇಜಿಗೆ ಬಂದ. ಎಡಗೈಯಲ್ಲಿ ಒಂದು ಸ್ಪ್ಯಾನರ್.

"ಭಾವ, ಇದು ನಿಮ್ದಲ್ವಾ? ಆಕ್ಸಿಲರೇಟರ್ ಕಡ್ಡಿಗೆ ಸಿಕ್ಕಾಕ್ಕೊಂಡಿತ್ತಂತೆ. ವ್ಯಾನ್ ಬಿಚ್ಚಿದವರು ಕೊಟ್ರು."

ಪಿಳ್ಳಣ್ಣ ಅದನ್ನು ತಿರುಗಿಸಿ ನೋಡಿದ. ಅವನದೇ. "ಚೀಲದಲ್ಲಿದೆ ಅಂದ್ಕೊಂಡಿದ್ದೆ ಕಣೋ."

"ಅಕ್ಕನೂ ವ್ಯಾನಲ್ಲಿದ್ಲು," ಅಂದ ಮಾರಯ್ಯ. ಹೊರಟುಹೋದ. ಕೈ ವಾಸಿಯಾದ ಮೇಲೆ ವ್ಯಾನನ್ನು ಜೆಪಿ ನಗರದ ಇನ್ನೊಬ್ಬ ಮೆಕ್ಯಾನಿಕ್‌ಗೆ ಕೊಡತೊಡಗಿದ. ಅಕ್ಕನ ಮನೆಗೆ ಬರೋದನ್ನೂ ನಿಲ್ಲಿಸಿದ.

ಪಿಳ್ಳಣ್ಣನಿಗೆ ತನ್ನ ಕೈಮೇಲೇ ನಂಬಿಕೆ ಹೋಯಿತು. ರಿಪೇರಿ ಮುಗಿಸಿ ಮುಚ್ಚಿದ ಬಾನೆಟ್ಟನ್ನು ಮತ್ತೆ ತೆಗೆಯುತ್ತಿದ್ದ. ಗಿರಾಕಿ ಗಾಡಿ ಸ್ಟಾರ್ಟ್ ಮಾಡಿದ ಮೇಲೂ "ಒಂದು ನಿಮಿಷ ಸಾರ್" ಅಂತ ಓಡುತ್ತಿದ್ದ. ಊಟಕ್ಕೆ ಕೂತರೂ ಅದೇ ಯೋಚನೆ.

ಅಂಕಮ್ಮ ಇದನ್ನೆಲ್ಲ ನೋಡಿ ಒಂದು ದಿನ ಕೇಳಿದಳು: "ನಮ್ ಫ್ಯಾಕ್ಟರೀಲಿ ಸೂಜಿ ಮುರಿದ್ರೆ ಏನ್ ಮಾಡ್ತಾರೆ ಗೊತ್ತಾ? ಚೂರೆಲ್ಲ ಹುಡುಕಿ ಕೊಡೋವರ್ಗೂ ಬೇರೆ ಸೂಜಿ ಕೊಡಲ್ಲ. ಬಟ್ಟೆನೂ ಆಚೆ ಬಿಡಲ್ಲ. ಯಾವ ಮಗು ಹಾಕ್ಕೊಳ್ಳೋ ಅಂಗಿನೋ ಅಂತಾರೆ. ನಿಮ್ಮ ಗೋಣಿಚೀಲ ನೋಡಿದ್ರೆ ಒಳಗೆ ಏನಿದೆ, ಏನಿಲ್ಲ ಅಂತ ಗೊತ್ತಾಗುತ್ತಾ?"

"ನಾನು ನೆನಪಿಟ್ಕೋಬೇಕು."

"ಇಟ್ಕೊಂಡ್ರಾ?"



ಅವಳು ಬೀರು ಕೊಳ್ಳೋದಕ್ಕೆಂದು ಚೀಟಿ ಹಾಕಿದ್ದಳು. ಚೀಟಿ ಎತ್ತಿ, ಗಂಡನನ್ನು ಕರೆದುಕೊಂಡು ಯಡಿಯೂರಿನ ಗುರುಬಸಪ್ಪನ ಹತ್ತಿರ ಹೋದಳು. ಗುರುಬಸಪ್ಪ ಕಬ್ಬಿಣದ ಬೀರು ಮಾಡುವವನು.

"ಟೂಲ್ ಇಡೋಕೆ ಒಂದು ಡಬ್ಬ ಬಡಿದುಕೊಡ್ತೀನಿ, ಸಾಲ್ದೇನಮ್ಮ?" ಅಂದ ಅವನು.

"ಡಬ್ಬ ಆದ್ರೆ ಚೀಲಕ್ಕೂ ಅದಕ್ಕೂ ಏನಣ್ಣ ವ್ಯತ್ಯಾಸ? ತೆಳ್ಳನೆ ಡ್ರಾಯರ್ ಬೇಕು, ಒಂದರ ಮೇಲೊಂದು. ಕಬ್ಬಿಣದ ಭಾರಕ್ಕೆ ತಳ ಬಗ್ಗಬಾರದು. ಎಳೆದ್ರೆ ಸಲೀಸಾಗಿ ಬರ್ಬೇಕು."

"ಹಂಗಾದ್ರೆ ದಪ್ಪ ಶೀಟು ಬೇಕು. ಆ ದುಡ್ಡಿಗೆ ಒಳ್ಳೆ ಬೀರೇ ಬರುತ್ತೆ ನೋಡಿ."

ಪಿಳ್ಳಣ್ಣ ಎದ್ದು ನಿಂತ. "ಬೇಡ ಬಾ. ಆ ದುಡ್ಡಿಗೆ ಗಾಳಿ ಹಾಕೋ ಮಿಷನ್ ತರಬಹುದು."

"ಗಾಳಿ ಆಮೇಲೆ ಹಾಕುವ್ರಂತೆ," ಅಂದಳು ಅಂಕಮ್ಮ.

ಹಸಿರು ಬಣ್ಣದ ಪೆಟ್ಟಿಗೆ ಗ್ಯಾರೇಜಿಗೆ ಬಂತು. ಅಂಕಮ್ಮ ದಪ್ಪ ರಬ್ಬರ್ ಹಾಳೆಯ ಮೇಲೆ ಒಂದೊಂದೇ ಸ್ಪ್ಯಾನರ್ ಇಟ್ಟು ಸುತ್ತ ಟೈಲರ್ ಚಾಕಿನಲ್ಲಿ ಗೆರೆ ಎಳೆದು, ಬ್ಲೇಡಿನಲ್ಲಿ ಕತ್ತರಿಸಿದಳು. ಅಡಿಗೆ ಕೆಂಪು ಬಟ್ಟೆ ಅಂಟಿಸಿದಳು. ಯಾವ ಟೂಲ್ ಜಾಗದಲ್ಲಿಲ್ಲವೋ ಅಲ್ಲಿ ಕೆಂಪು ಕಾಣಬೇಕು.

"ಏನ್ ಗುರು, ಇದ್ರಲ್ಲಿ ಹೆಂಡ್ತಿ ಸೀರೆ ಇಡ್ತೀಯಾ?" ಅಂತ ಅಕ್ಕಪಕ್ಕದವರು ನಕ್ಕರು.

ಸ್ವಲ್ಪ ದಿನದಲ್ಲೇ ಒಬ್ಬ ಕಂಟ್ರಾಕ್ಟರ್ ಅಂಬಾಸಿಡರ್ ರಿಪೇರಿಗೆ ಬಿಟ್ಟ. ಕೆಲಸ ಮುಗಿಯುವ ಹೊತ್ತಿಗೆ ಬಂದು, ಮದುವೆಗೆ ಹೋಗಬೇಕು, ಹೊತ್ತಾಯಿತು ಅಂತ ಕೀ ಕೇಳಿದ. ಪಿಳ್ಳಣ್ಣ ಡ್ರಾಯರ್ ಎಳೆದರೆ ಒಂದು ಕಡೆ ಕೆಂಪು.

"ಒಂದು ಸ್ಪ್ಯಾನರ್ ಇಲ್ಲ ಸಾರ್. ಸಿಗೋವರ್ಗೂ ಗಾಡಿ ಕೊಡಕ್ಕಾಗಲ್ಲ."

"ನಿನ್ನ ಸ್ಪ್ಯಾನರ್‌ಗೋಸ್ಕರ ನಾನು ಮುಹೂರ್ತ ತಪ್ಪಿಸ್ಕೊಬೇಕೇನಯ್ಯ?"

ಪಿಳ್ಳಣ್ಣ ಕಾರಿನ ಅಡಿಗೆ ತೂರಿದ, ಎಂಜಿನ್ನೆಲ್ಲ ತಡಕಿದ, ಸೀಟು ಎತ್ತಿದ. ಕೊನೆಗೆ ಅದು ಸಿಕ್ಕಿದ್ದು ಅವನದೇ ಪ್ಯಾಂಟಿನ ಹಿಂದಿನ ಜೇಬಿನಲ್ಲಿ. ಕಂಟ್ರಾಕ್ಟರ್ ಬೈದುಕೊಂಡು ಹೋದವನು ಮತ್ತೆ ಬರಲಿಲ್ಲ. ಹೋದಲ್ಲೆಲ್ಲ ಮಾತ್ರ ಈ ಕಥೆ ಹೇಳಿ ಜನರನ್ನು ನಗಿಸಿದ.

ಆ ಕಥೆ ಜೆಪಿ ನಗರದ ಆ ಮೆಕ್ಯಾನಿಕ್ ಶೆಡ್ಡಿಗೂ ತಲುಪಿತು. ಕೇಳಿದವರೆಲ್ಲ ನಕ್ಕರು, ಮಾರಯ್ಯ ನಗಲಿಲ್ಲ. ಮುಂದಿನ ಭಾನುವಾರ ಮೆಟಡೋರ್ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ.

"ಕ್ಲಚ್ ಜಾರ್ತಿದೆ ಭಾವ," ಅಂದ.

ಪಿಳ್ಳಣ್ಣ ಕೆಲಸ ಮಾಡುವಷ್ಟು ಹೊತ್ತೂ ಅವನು ಸ್ಟೂಲಿನ ಮೇಲೆ ಕೂತಿದ್ದ. ಮುರಿದಿದ್ದ ಮಣಿಕಟ್ಟು ಇನ್ನೂ ಪೂರ್ತಿ ಬಗ್ಗುತ್ತಿರಲಿಲ್ಲ. ಕೆಲಸ ಮುಗಿದಾಗ ಎದ್ದು ಬಂದು ತಾನೇ ಎಲ್ಲ ಡ್ರಾಯರ್ ಎಳೆದು ನೋಡಿದ. ಪಿಳ್ಳಣ್ಣ ಪಕ್ಕಕ್ಕೆ ಸರಿದು ನಿಂತಿದ್ದ. ಎಲ್ಲೂ ಕೆಂಪು ಕಾಣಿಸಲಿಲ್ಲ.

"ಸರಿ, ಕೀ ಕೊಡಿ," ಅಂದ ಮಾರಯ್ಯ. ಸೀಟು ಹತ್ತಿ ಕೂತು, ಪಕ್ಕದ ಬಾಗಿಲು ತೆಗೆದ. "ಮನೆಗೆ ತಾನೇ? ಹತ್ತಿ. ನಾನೂ ಅಕ್ಕನ್ನ ನೋಡಿ ತುಂಬಾ ದಿನ ಆಯ್ತು."